ಪೂಜೆಗಿಟ್ಟ ಕೀಬೋರ್ಡು

ಮೈಸೂರಿನ ದಟ್ಟಗಳ್ಳಿಯ ಸುಂದರೇಶನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ ಅಂತಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಇರಲಿಲ್ಲ, ಅಷ್ಟೇ. ಯಾರು ಏನು ಹೇಳಿದರೂ "ಹೂಂ, ಹೂಂ, ಅದೆಲ್ಲ ನೋಡಿಯಾಯ್ತು" ಎನ್ನುತ್ತಿದ್ದ. ಒಂದು ಖಾಸಗಿ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮಸೂರ, ಆಯಸ್ಕಾಂತ, ಲೋಲಕಗಳನ್ನು ಹುಡುಗರಿಗೆ ಎತ್ತಿಕೊಟ್ಟು ಮತ್ತೆ ಎತ್ತಿಡುವುದು ಅವನ ಕೆಲಸ. ಬರುವ ಮಾರ್ಚಿಗೆ ನಿವೃತ್ತಿ. ಈ ಕೆಲಸದ ದೆಸೆಯಿಂದ ಬೀದಿಯವರು ಅವನನ್ನು ಟೆಕ್ನಿಕಲ್ ಮನುಷ್ಯ ಎಂದು ನಂಬಿದ್ದರು. ಮಿಕ್ಸಿ ಕೆಟ್ಟರೆ ತಂದು ತೋರಿಸುತ್ತಿದ್ದರು. ಅವನು ಅದನ್ನು ಕಿವಿಯ ಹತ್ತಿರ ಹಿಡಿದು, ಒಮ್ಮೆ ಅಲ್ಲಾಡಿಸಿ, ಕಾಯಿಲ್ ಹೋಗಿದೆ ಎನ್ನುತ್ತಿದ್ದ. ಕಾಯಿಲ್ ಎಲ್ಲದರಲ್ಲೂ ಇರುತ್ತದೆ, ಒಂದಲ್ಲ ಒಂದು ದಿನ ಹೋಗಿಯೂ ಹೋಗುತ್ತದೆ. ಹೀಗಾಗಿ ಅವನ ಮಾತು ಸುಳ್ಳಾದದ್ದು ಕಡಿಮೆ.

ಇಂಥವನು ಬಡಾವಣೆಯ ಗಣೇಶನ ಹಬ್ಬದಲ್ಲಿ ಮೈಕಿನ ಮುಂದೆ ನಿಂತು ಸ್ಮಾರ್ಟ್‌ಫೋನಿನ ವಿರುದ್ಧ ಭಾಷಣ ಮಾಡಿಬಿಟ್ಟ. ಮನೆಗೊಂದು ಕಂಪ್ಯೂಟರ್ ಇದ್ದರೆ ಸಾಕು, ಅದರ ಮುಂದೆ ಮನುಷ್ಯನ ಹಾಗೆ ಕುರ್ಚಿ ಹಾಕಿಕೊಂಡು ಕೂರಬೇಕು, ಮಲಗಿಕೊಂಡು, ನಡೆದುಕೊಂಡು, ಬಚ್ಚಲಲ್ಲಿ ಕೂತುಕೊಂಡು ನೋಡುವುದು ವಿಜ್ಞಾನಕ್ಕೆ ಮಾಡುವ ಅವಮಾನ ಎಂದ. ಜನ ಚಪ್ಪಾಳೆ ಹೊಡೆದರು. ಕೆಲವರು ಅದನ್ನು ತಮ್ಮ ಫೋನಿನಲ್ಲೇ ಚಿತ್ರೀಕರಿಸಿಕೊಂಡರು. ಸಂಘದ ಅಧ್ಯಕ್ಷ ವೃಷಭೇಂದ್ರಪ್ಪನವರು ಶಾಲು ಹೊದಿಸಿದರು. ಶಾಲು ಬಂದ ಮೇಲೆ ಅವನಿಗೆ ಗುಂಡಿ ಒತ್ತುವ ಹಳೆಯ ಫೋನಿನಿಂದ ಬಿಡುಗಡೆಯೇ ಇಲ್ಲದಂತಾಯಿತು. ಒಳಗಿನ ಸಂಗತಿ ಬೇರೆ ಇತ್ತು. ಅವನಿಗೂ ಅಂಥದ್ದೊಂದು ಫೋನು ಬೇಕಾಗಿತ್ತು. ಯಾಕೆಂದರೆ ಅವನ ಹೆಂಡತಿ ಚಂದ್ರಮತಿ ಕಲಬುರಗಿಯಲ್ಲಿದ್ದಳು.

ಚಂದ್ರಮತಿ ಬ್ಯಾಂಕಿನ ಅಧಿಕಾರಿ. ಎರಡು ವರ್ಷದ ಹಿಂದೆ ವರ್ಗವಾಗಿ ಹೊರಡುವಾಗ, ಊಟದ ಮೇಜಿನ ಮೇಲೆ ತಾನು ತಟ್ಟೆ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲೇ ಕಂಪ್ಯೂಟರ್ ಇಟ್ಟು, ವೈರಿಲ್ಲದ ಕೀಬೋರ್ಡು ಮೌಸು ಜೋಡಿಸಿ, ಪರದೆಯ ನೆತ್ತಿಗೆ ಒಂದು ಕ್ಯಾಮೆರಾ ಸಿಕ್ಕಿಸಿ, ಏನನ್ನು ಒತ್ತಿದರೆ ಏನಾಗುತ್ತದೆ ಎಂದು ಗಂಡನಿಗೆ ತೋರಿಸಿ ಹೋಗಿದ್ದಳು. ಅವಳು ಬಸ್ಸು ಹತ್ತಿದ ಮೇಲೆ ಸುಂದರೇಶ ಇದನ್ನೆಲ್ಲ ತಾನೇ ಜೋಡಿಸಿದೆ ಎಂದು ಬೀದಿಗೆ ಹೇಳಿದ್ದ. ಅವನ ತಾಯಿ ನಾಗಲಾಂಬಮ್ಮನವರು ಕಂಪ್ಯೂಟರಿನ ಡಬ್ಬಿಯ ಹಿಂಭಾಗದಲ್ಲಿ ಸಿಕ್ಕಿಕೊಂಡಿದ್ದ ಕಡಲೆಬೀಜದಷ್ಟು ಕರಿಯ ವಸ್ತುವನ್ನು ತೋರಿಸಿ ಇದೇನೋ ಅಂದಾಗ, ಹೆಸರು ಗೊತ್ತಿಲ್ಲದಿದ್ದರೂ ಉತ್ತರ ಕೊಡದೆ ಬಿಡಲಿಲ್ಲ. "ಅಮ್ಮಾ, ಇದೊಂದಿಲ್ಲ ಅಂದ್ರೆ ನಾನೆಲ್ಲೋ, ಅವಳೆಲ್ಲೋ. ಇಬ್ಬರನ್ನೂ ಸೇರಿಸೋದೇ ಇದು." ನಾಗಲಾಂಬಮ್ಮನವರು ಆ ವಸ್ತುವನ್ನು ಗೌರವದಿಂದ ನೋಡಿದರು. ಅವರು ಒಮ್ಮೆ ಕೇಳಿದ್ದನ್ನು ಮರೆಯುವವರಲ್ಲ.

ಅಂದಿನಿಂದ ದಿನಾ ಎಂಟಕ್ಕೆ ಗಂಡ ಹೆಂಡತಿ ಒಟ್ಟಿಗೆ ಊಟ ಮಾಡುತ್ತಿದ್ದರು. ಅಲ್ಲಿ ಖಾನಾವಳಿಯಿಂದ ಬಂದ ಜೋಳದ ರೊಟ್ಟಿ, ಇಲ್ಲಿ ಅನ್ನ ಸಾರು. ಏಳೂವರೆಗೇ ಸುಂದರೇಶ ಪೊರಕೆ ಹಿಡಿದು, ಕ್ಯಾಮೆರಾಕ್ಕೆ ಎಷ್ಟು ಕಾಣುತ್ತದೋ ಅಷ್ಟು ಮನೆಯನ್ನು ಗುಡಿಸುತ್ತಿದ್ದ. ಅಷ್ಟರೊಳಗೆ ಒಂದು ಗೋಡೆ, ಕ್ಯಾಲೆಂಡರು, ಇಸ್ತ್ರಿ ಅಂಗಿ ತೊಟ್ಟ ಅವನು. ಅದರಾಚೆಗೆ ಮಡಿಸದ ಬಟ್ಟೆಯ ಗುಡ್ಡ, ನೆನೆಹಾಕಿದ ಪಾತ್ರೆ, ಹಗ್ಗ ಬಿಚ್ಚದ ಪೇಪರಿನ ಕಂತೆ. ಅಂಗಿಯ ಕೆಳಗೂ, ಮೇಜಿನ ಮರೆಯಲ್ಲಿ, ಹರಕು ಪಂಚೆ. ಅಮ್ಮನಿಗೆ ಮಂಡಿನೋವು, ಒಲೆ, ದೇವರು ಬಿಟ್ಟರೆ ಮೂರನೆಯ ಕೆಲಸ ಆಗುತ್ತಿರಲಿಲ್ಲ. ಎಲ್ಲ ಚೆನ್ನಾಗಿಟ್ಟುಕೊಂಡಿದೀರಲ್ಲ ಎಂದು ಚಂದ್ರಮತಿ ಹೇಳಿದರೆ ಅವನು ಹೂಂ ಎನ್ನುತ್ತಿದ್ದ. ಮಾತು ಮುಗಿದ ಮೇಲೆ ಕಂಪ್ಯೂಟರಿಗೆ ಅವಳ ಹಳೆಯ ಹತ್ತಿಯ ಸೀರೆಯೊಂದನ್ನು ಹೊದಿಸುತ್ತಿದ್ದ. ಧೂಳು ಬೀಳಬಾರದು ನೋಡಿ ಎಂದು, ಯಾರೂ ಕೇಳದಿದ್ದರೂ, ಬಂದವರಿಗೆ ಹೇಳುತ್ತಿದ್ದ.

ಶುಕ್ರವಾರ ನಾಗಲಾಂಬಮ್ಮನವರು ಸೊಸೆಗೆ ಕುಂಕುಮ ಇಡುತ್ತಿದ್ದರು. ಪರದೆಯ ಮೇಲೆಯೇ. ಒಂದು ಸಲ ಇಟ್ಟದ್ದು ಚೆನ್ನಾಗಿ ಹತ್ತಿಕೊಂಡಿದ್ದರಿಂದ ಅಲ್ಲೊಂದು ಕೆಂಪು ಕಲೆ ಉಳಿದುಬಿಟ್ಟಿತ್ತು. ಆಮೇಲೆ ಪ್ರತಿ ಶುಕ್ರವಾರ, "ಒಂಚೂರು ಎಡಕ್ಕೆ ಬಾರಮ್ಮ, ಸ್ವಲ್ಪ ಬಗ್ಗು" ಎಂದು ಸೊಸೆಯನ್ನೇ ಆ ಕಲೆಯ ಕೆಳಗೆ ತಂದು ನಿಲ್ಲಿಸುತ್ತಿದ್ದರು. ಚಂದ್ರಮತಿ ಕಲಬುರಗಿಯಲ್ಲಿ ಕುತ್ತಿಗೆ ಕೊಂಕಿಸಿ ಕೂರುತ್ತಿದ್ದಳು. ಬೇರೆ ದಿನಗಳಲ್ಲಿ ಆ ಕಲೆ ಅವಳ ಕೆನ್ನೆಯ ಮೇಲೋ, ಹಿಂದಿನ ಪರದೆಬಟ್ಟೆಯ ಮೇಲೋ ಬೀಳುತ್ತಿತ್ತು. ಸುಂದರೇಶನಿಗೆ ಆಗೆಲ್ಲ ಅದನ್ನು ಬೆರಳಿನಿಂದ ಅವಳ ಹಣೆಗೆ ಸರಿಸಬೇಕೆನಿಸುತ್ತಿತ್ತು. ಸರಿಯುವಂಥದ್ದಲ್ಲ.

ಈ ದಸರೆಗೆ ಚಂದ್ರಮತಿ ಬರಲಾಗಲಿಲ್ಲ. ಶಾಖೆಯ ಕೀಲಿಕೈ ಅವಳೊಬ್ಬಳ ಬಳಿ ಇತ್ತು. ರಜೆಯ ಎರಡು ದಿನಕ್ಕೆ ರೈಲಿನಲ್ಲಿ ಜಾಗವೂ ಸಿಗಲಿಲ್ಲ. ಸಾಲದ್ದಕ್ಕೆ ಬಡ್ತಿ ಬಂದಿತ್ತು. ಒಪ್ಪಿಕೊಂಡರೆ ಇನ್ನೂ ಮೂರು ವರ್ಷ ಆ ಕಡೆಯೇ. ಬೇಡ ಎಂದರೆ ಮೈಸೂರಿಗೆ ಬರಬಹುದು, ಆದರೆ ಬಡ್ತಿಯ ಮಾತು ಮತ್ತೆ ಬರುವುದಿಲ್ಲ. ವಿಜಯದಶಮಿಯ ಮಾರನೆಯ ಬೆಳಗ್ಗೆ ಉತ್ತರ ಕೊಡಬೇಕು. ಅವಳು ಹೇಳಿದ್ದಳು: "ವಿಜಯದಶಮಿ ದಿನ ಎಂಟಕ್ಕೆ ಮುಖ ತೋರಿಸಿ ಹೇಳಿ. ಫೋನಲ್ಲಿ ಬೇಡ. ಫೋನಲ್ಲಿ ನೀವು ಎಲ್ಲದಕ್ಕೂ 'ಹೂಂ, ನಿನ್ನಿಷ್ಟ' ಅಂತೀರಿ. ನಿಮ್ಮ ಮುಖ ನೋಡ್ಬೇಕು ನಂಗೆ."

ಸುಂದರೇಶ ಹೂಂ ಅಂದಿದ್ದ. ಮರುದಿನದಿಂದ ಮುಖ ತಯಾರಿಗೆ ನಿಂತ. 'ಬಡ್ತಿ ತಗೋ, ನಾನು ಆರಾಮಾಗಿದೀನಿ' ಎನ್ನುವ ಮುಖ. ಪ್ರಯೋಗಾಲಯದಲ್ಲಿ ಯಾರೂ ಇಲ್ಲದಾಗ ಕನ್ನಡಿ ಹಿಡಿದು ಅಭ್ಯಾಸ ಮಾಡಿದ. ಕೈಗೆ ಸಿಕ್ಕಿದ್ದು ನಿಮ್ನದರ್ಪಣ. ಒಂದು ಗೇಣು ಹಿಂದೆ ಸರಿದರೆ ಮುಖ ತಲೆಕೆಳಗಾಗುತ್ತಿತ್ತು. ತಲೆಕೆಳಗಾದಾಗ ಮಾತ್ರ ಅವನ ಮುಖ ಸ್ವಲ್ಪ ನಗುವ ಹಾಗೆ ಕಾಣುತ್ತಿತ್ತು.

ಆಯುಧಪೂಜೆಯ ಬೆಳಗ್ಗೆ ನಾಗಲಾಂಬಮ್ಮನವರು ಗೊಂಬೆಯ ಮೆಟ್ಟಿಲುಗಳ ಮುಂದೆ ಮಣೆ ಹಾಕಿ, ಕೆಂಪು ವಸ್ತ್ರ ಹಾಸಿ, ಈಳಿಗೆಮಣೆ, ಕತ್ತರಿ, ಸ್ಕೂಟರಿನ ಕೀಲಿ, ಕುಕ್ಕರಿನ ಮೇಲಿನ ತೂಕ, ಕೀಬೋರ್ಡು, ಮೌಸು ಎಲ್ಲವನ್ನೂ ಒರೆಸಿ ಇಟ್ಟರು. ಕಂಪ್ಯೂಟರಿನ ಮೇಜನ್ನು ಸ್ವತಃ ತಾವೇ ಒರೆಸಿದರು. ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವು ಏರಿಸಿ, ಮಂಗಳಾರತಿ ಮಾಡಿ, ನಾಳೆ ಮರುಪೂಜೆ ಆಗುವ ತನಕ ಯಾವುದನ್ನೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದರು. ಆಯುಧಗಳಿಗೂ ವರ್ಷಕ್ಕೊಂದು ದಿನ ರಜ ಬೇಡವೇನೋ ಎಂಬುದು ಅವರ ವಾದ.

ಮಧ್ಯಾಹ್ನ ಹೋಳಿಗೆ ಉಂಡು ಅಮ್ಮ ಒರಗಿದರು. ಸುಂದರೇಶ ಕಂಪ್ಯೂಟರಿನ ಮುಂದೆ ಕೂತ. ನಾಳೆಯ ದೊಡ್ಡ ಮಾತಿಗೆ ಮುಂಚೆ ಇವತ್ತೊಂದು ಸಣ್ಣ ನೋಟ ಸಿಕ್ಕಿದರೆ ಎಷ್ಟು ಚೆನ್ನ ಅನಿಸಿತು. ಅವಳಿಗೂ ರಜ. ಮುಟ್ಟಬಾರದು, ನಿಜ. ಆದರೆ ಡಬ್ಬಿಯ ಗುಂಡಿಯೊಂದನ್ನು ಒತ್ತಿ, ಎಲ್ಲ ಸರಿಯಿದೆಯೇ ಎಂದು ನೋಡುವುದು ಮುಟ್ಟಿದ ಹಾಗಲ್ಲ, ಪರೀಕ್ಷೆ ಮಾಡಿದ ಹಾಗೆ. ಒತ್ತಿದ. ಪರದೆ ನೀಲಿಯಾಗಿ, ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರನ್ನು ಆರಿಸಬೇಡಿ ಎಂದಿತು. ಒಂದು ಚಕ್ರ ತಿರುಗತೊಡಗಿತು. ತಿರುಗಿತು, ನಿಂತಿತು, ಕತ್ತಲಾಯಿತು, ಮತ್ತೆ ತಿರುಗಿತು. ಕೊನೆಗೆ ಪಾಸ್‌ವರ್ಡ್ ಕೇಳುವ ಪುಟ ಬಂತು. ಸುಂದರೇಶ ಮೆಲ್ಲಗೆ ಹೋಗಿ ಹೂವಿನ ಅಡಿಯಿಂದ ಕೀಬೋರ್ಡು, ಮೌಸು ಎತ್ತಿ ತಂದ.

ಕೀಬೋರ್ಡು ಮಾತಾಡಲಿಲ್ಲ. ಮೌಸನ್ನು ಎಳೆದಾಡಿದರೂ ಪರದೆಯ ಮೇಲಿನ ಬಾಣ ಕದಲಲಿಲ್ಲ. ಅವನು ಬ್ಯಾಟರಿ ಬದಲಾಯಿಸಿದ, ಗೋಡೆಯ ಗಡಿಯಾರದ ಬ್ಯಾಟರಿ ಹಾಕಿದ, ಕೊನೆಗೆ ಕೀಬೋರ್ಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಂದು ಚಿಟಿಕೆ ಕುಂಕುಮ ಉದುರಿತು. ಪರದೆಯ ಮೂಲೆಯಲ್ಲಿ, ತೊಂದರೆಯಿದ್ದರೆ ಸಹಾಯಕ್ಕೆ ಇಲ್ಲಿ ಕ್ಲಿಕ್ ಮಾಡಿ ಎಂಬ ಸಾಲಿತ್ತು. ನೀರಿಗೆ ಬಿದ್ದವನಿಗೆ ದಡಕ್ಕೆ ಬಂದರೆ ಹಗ್ಗ ಕೊಡುತ್ತೇನೆ ಎಂದ ಹಾಗೆ.

ಪಕ್ಕದ ಮನೆಯ ಯೇಸುದಾಸ್ ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಅವರ ಹೆಂಡತಿ ಕ್ಲಾರಾ ಚರ್ಚಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಕ್ರೈಸ್ತರಾದ್ದರಿಂದ ಅವರ ಮನೆಯ ಸಲಕರಣೆಗಳಿಗೆ ಇವತ್ತು ರಜ ಇರಲಾರದು ಎಂದು ಸುಂದರೇಶ ಲೆಕ್ಕ ಹಾಕಿ, ಅವರನ್ನು ಕರೆದ. ಯೇಸುದಾಸ್ ಬಂದರು, ಮೇಜನ್ನು ಗೋಡೆಯಿಂದ ಎಳೆದರು, ಅಡ್ಡ ಬರುತ್ತದೆಂದು ಕ್ಯಾಮೆರಾವನ್ನು ಅಡುಗೆಮನೆಯ ಕಡೆಗೆ ತಿರುಗಿಸಿಟ್ಟರು, ಬಗ್ಗಿ ಹಿಂಬದಿ ನೋಡಿ, ಇರುವ ವೈರೆಲ್ಲ ಸರಿಯಾಗಿದೆ ಎಂದರು. ಇಲ್ಲದಿರುವುದನ್ನು ಅವರು ನೋಡುವುದು ಹೇಗೆ. ಡಬ್ಬಿ ಬಿಚ್ಚಿ ಒಳಗೆ ನೋಡೋಣ ಎಂದ ಸುಂದರೇಶ. ಆಗ ಯೇಸುದಾಸ್ ತಲೆ ಕೆರೆದುಕೊಂಡರು.

"ಸ್ಕ್ರೂಡ್ರೈವರ್ ತರಕ್ಕಾಗಲ್ಲ ಸಾರ್. ಬೆಳಗ್ಗೆ ನಿಮ್ಮಮ್ಮ ಬಂದು ನನ್ನ ಟೂಲ್‌ಬಾಕ್ಸಿಗೂ ಕುಂಕುಮ ಇಟ್ಟು ಹೂವು ಹಾಕವ್ರೆ. ಪ್ರತಿ ವರ್ಷ ಇಡ್ತಾರೆ. ನಾಳೆವರೆಗೂ ಮುಟ್ಬೇಡ ಕಣಪ್ಪ ಅಂದವ್ರೆ. ನಾನು ಮುಟ್ಟಿದ್ರೆ ಬೇಜಾರ್ ಮಾಡ್ಕೋತಾರೆ."

ಕ್ಲಾರಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ನನ್ನ ಫೋನಿನಿಂದಲೇ ಮಾತಾಡಿ, ಮುಖ ಕಾಣುತ್ತದೆ ಎಂದು ಸೆರಗಿನ ತುದಿಯಲ್ಲಿ ಪರದೆ ಒರೆಸಿ ಚಾಚಿದರು. ಸುಂದರೇಶನ ಕೈ ಅರ್ಧ ಮುಂದೆ ಹೋಯಿತು. ಅಷ್ಟರಲ್ಲಿ ಕೊಂಡಿಗೆ ನೇತುಹಾಕಿದ್ದ ಶಾಲು ಕಣ್ಣಿಗೆ ಬಿತ್ತು. "ಬೇಡಿ ಟೀಚರ್. ಮನುಷ್ಯನಿಗೆ ತತ್ವ ಅಂತ ಒಂದಿರುತ್ತೆ" ಎಂದ. ಕ್ಲಾರಾ ಫೋನನ್ನು ಹಿಂದಕ್ಕೆ ತೆಗೆದುಕೊಂಡು, "ಇರ್ಲಿ ಬುಡಿ, ತತ್ವದ ಜೊತೇಲೇ ಊಟ ಮಾಡಿ" ಎಂದು ಹೊರಟುಹೋದರು.

ಸಂಜೆ ಅವನು ಸುಪ್ರೀತನ ಕಂಪ್ಯೂಟರ್ ಅಂಗಡಿಗೆ ಹೋದ. ಆಯುಧಪೂಜೆಯ ದಿನ ಮೈಸೂರಿನಲ್ಲಿ ಏನೂ ಕೆಡಬಾರದು. ಕೆಟ್ಟರೆ ರಿಪೇರಿ ಆಗುವುದಿಲ್ಲ. ರಿಪೇರಿ ಮಾಡುವ ಸಾಮಾನೆಲ್ಲ ಹೂ ಮುಡಿದು ಕೂತಿರುತ್ತದೆ. ಸುಪ್ರೀತನ ಅಂಗಡಿಯ ಬಾಗಿಲಿಗೆ ಬಾಳೆಕಂದು ಕಟ್ಟಿತ್ತು, ಹೊಸಿಲಿನ ಮುಂದೆ ಒಡೆದ ಬೂದುಗುಂಬಳ ಕೆಂಪಗೆ ಹರಡಿತ್ತು, ಒಳಗೆ ಇಕ್ಕಳಗಳು ಸಾಲಾಗಿ ಕುಂಕುಮ ಇಟ್ಟುಕೊಂಡು ಮುತ್ತೈದೆಯರ ಹಾಗೆ ಕೂತಿದ್ದವು. ಒಂದು ವೈರಿರುವ ಮೌಸನ್ನಾದರೂ ಕೊಡಪ್ಪ ಎಂದು ಸುಂದರೇಶ ಕೇಳಿದ. ಪೂಜೆಗಿಟ್ಟ ಸಾಮಾನನ್ನು ಇವತ್ತು ಹೊರಗೆ ಕೊಡುವುದಿಲ್ಲ, ನಾಳೆ ಜಂಬೂಸವಾರಿಗೆ ಹೋಗುತ್ತೇನೆ, ನಾಳಿದ್ದು ಬನ್ನಿ ಎಂದ ಸುಪ್ರೀತ. ಆದರೆ ಬಾಯಿಮಾತಿಗೆ ಪೂಜೆ ಆಗಿರಲಿಲ್ಲವಾದ್ದರಿಂದ ವಿಚಾರಿಸಿದ.

"ಡಾಂಗಲ್ ತೆಗೆದು ಹಾಕಿ ನೋಡಿದ್ರಾ ಸಾರ್?"

ಡಾಂಗಲ್ ಎಂದರೆ ಏನೆಂದು ಸುಂದರೇಶನಿಗೆ ಗೊತ್ತಿರಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ಅಂಗಡಿಯಲ್ಲಿ ಬಡಾವಣೆಯ ಇನ್ನಿಬ್ಬರು ಪ್ರಸಾದಕ್ಕೆ ನಿಂತಿದ್ದರು.

"ಹೂಂ, ಹೂಂ," ಎಂದ ಸುಂದರೇಶ. "ಅದೆಲ್ಲ ನೋಡಿಯಾಯ್ತು."

ಹಾಗಾದರೆ ಇದು ಅಪ್‌ಡೇಟಿನದೇ ಕೆಲಸ ಎಂದು ಸುಪ್ರೀತ ತೀರ್ಪು ಕೊಟ್ಟ. ಗುಂಡಿ ಒತ್ತಿ ಹಿಡಿದು ಮೇಲಿಂದ ಮೇಲೆ ಆರಿಸಿ ಹೊತ್ತಿಸಿ, ಒಂದು ನೀಲಿ ಪುಟ ಬರುತ್ತದೆ, ಅದರಲ್ಲಿ ನಾಲ್ಕನ್ನು ಒತ್ತಿ ಎಂದ. ಸುಂದರೇಶ ಮನೆಗೆ ಬಂದು ಹಾಗೇ ಮಾಡಿದ. ನೀಲಿ ಪುಟ ಬಂತು. ನಾಲ್ಕನ್ನು ಒತ್ತಲು ಕೀಬೋರ್ಡು ಬೇಕು ಎಂಬುದು ಆಗ ಅವನಿಗೂ ಹೊಳೆಯಿತು. ಹೊತ್ತು ಹೋಗುವ ತನಕ ಆ ನಾಲ್ಕನ್ನು ನೋಡುತ್ತ ಕೂತು, ಕೀಬೋರ್ಡು ಮೌಸನ್ನು ಮತ್ತೆ ಹೂವಿನ ಅಡಿಗಿಟ್ಟ. ಎಂಟಕ್ಕೆ ಹೆಂಡತಿಗೆ ಗುಂಡಿಯ ಫೋನಿನಲ್ಲಿ, ಎಲ್ಲ ಪೂಜೆಗಿಟ್ಟಿದೆ, ನಾಳೆ ಮುಖ ತೋರಿಸುತ್ತೇನೆ ಎಂದಷ್ಟೇ ಹೇಳಿದ.

ವಿಜಯದಶಮಿಯ ಬೆಳಗ್ಗೆ ಮರುಪೂಜೆಗೆ ಬಂದ ನಾಗಲಾಂಬಮ್ಮನವರಿಗೆ ಮಣೆಯ ಮೇಲೆ ಕೀಬೋರ್ಡು ಸೊಟ್ಟಗಿರುವುದು ಕಂಡಿತು. ಮೌಸಿನ ಮೇಲಿನ ಹೂವು ಕತ್ತರಿಯ ಮೇಲಿತ್ತು. ಮಗನ ಮುಖ ನೋಡಿದರು. ಅವನು ಕ್ಯಾಲೆಂಡರು ನೋಡಿದ. ಅಷ್ಟು ಸಾಕಾಯಿತು. "ಮುಟ್ಟಬೇಡ ಅಂತ ಬಾಯ್ಬಿಟ್ಟು ಹೇಳಿದ್ದೆ ಕಣೋ ಸುಂದ್ರು. ಅದು ಮುನಿಸ್ಕೊಂಡಿದೆ" ಎಂದರು. ತಪ್ಪುಕಾಣಿಕೆ ಎತ್ತಿಟ್ಟರು, ಮಗನ ಕೈಯಲ್ಲಿ ಕಾಯಿ ಒಡೆಸಿದರು. ಕಾಯಿನೀರು ಚಿಮ್ಮಿ ಪರದೆಗೆ ಸಿಡಿಯಿತು. ಕೀಬೋರ್ಡಿನ ಮುನಿಸು ಇಳಿಯಲಿಲ್ಲ.

ಕಾಯಿ ಒಡೆದ ಸದ್ದಿಗೆ ಎದುರು ಮನೆಯ ವೃಷಭೇಂದ್ರಪ್ಪನವರು ಬಂದರು. ವಿದ್ಯುತ್ ಇಲಾಖೆಯಲ್ಲಿ ಆಯುಷ್ಯ ಕಳೆದವರಾದ್ದರಿಂದ ಅವರಿಗೆ ಲೋಕದ ಸಕಲ ಕೇಡಿಗೂ ಅರ್ತಿಂಗ್ ಸರಿಯಿಲ್ಲದಿರುವುದೇ ಮೂಲ. ಗೇಟಿನ ಪಕ್ಕದ ಅರ್ತಿಂಗ್ ಗುಂಡಿಗೆ ನೀರು ಹುಯ್ಯಬೇಕು, ಉಪ್ಪು ಹಾಕಬೇಕು ಎಂದರು. ಸುಂದರೇಶ ಹೂಂ, ಅದೇ ಅನ್ಕೊಂಡಿದ್ದೆ ಎಂದು ಬಿಂದಿಗೆ ಬಿಂದಿಗೆ ನೀರು ಹೊತ್ತ. ದಾರಿಯಲ್ಲಿ ಹೋಗುವವರು ನಿಂತು ಇದು ಯಾವ ಹಬ್ಬದ ಶಾಸ್ತ್ರ ಎಂದು ಕೇಳಿದರು. ಒಬ್ಬರು ಚಪ್ಪಲಿ ಬಿಟ್ಟು ಕೈ ಮುಗಿದೂ ಹೋದರು.

ಮಧ್ಯಾಹ್ನ ಟಿವಿಯಲ್ಲಿ ಜಂಬೂಸವಾರಿ ಬಂತು. ನಾಗಲಾಂಬಮ್ಮನವರು ಅಂಬಾರಿ ಕಂಡಾಗ ಎದ್ದು ನಿಂತು ಕೈ ಮುಗಿದು, ಮಂಡಿ ನೋವೆಂದು ಮತ್ತೆ ಕೂತರು. ಸುಂದರೇಶನ ಕಣ್ಣು ಆನೆಯ ಮೇಲಿರಲಿಲ್ಲ. ಪ್ರತಿ ವರ್ಷ ಈ ಹೊತ್ತಿಗೆ ಚಂದ್ರಮತಿ, ಆನೆಯ ಕಿವಿಯ ಮೇಲಿನ ಚಿತ್ತಾರ ಹೋದ ವರ್ಷವೇ ಚೆನ್ನಾಗಿತ್ತು ಎನ್ನುತ್ತಿದ್ದಳು. ಪ್ರತಿ ವರ್ಷವೂ ಹಾಗೇ ಎನ್ನುತ್ತಿದ್ದಳು. ಈ ಸಲ ಯಾರೂ ಹಾಗೆನ್ನಲಿಲ್ಲ. ಚಿತ್ತಾರಕ್ಕೂ ಅದು ಗೊತ್ತಾದ ಹಾಗೆ ಮಂಕಾಗಿ ಕಂಡಿತು.

ಏಳು ದಾಟಿತು. ಏಳೂವರೆಗೆ ಸುಂದರೇಶ ಅಭ್ಯಾಸಬಲದಿಂದ ಪೊರಕೆ ಹಿಡಿದ, ಬಿಟ್ಟ. ಇಸ್ತ್ರಿ ಅಂಗಿ ತೊಟ್ಟ. ಪರದೆಯ ಮೇಲೆ ಒಣಗಿದ್ದ ಕಾಯಿನೀರನ್ನು ಹೆಂಡತಿಯ ಸೀರೆಯಿಂದ ಒರೆಸಿ, ಸೀರೆಯನ್ನು ಹೆಗಲಿಗೆ ಹಾಕಿಕೊಂಡದ್ದು ಮರೆತ. ಆಮೇಲೆ ತತ್ವ ಎಂಬುದು ಇಷ್ಟು ದಿನ ಎಲ್ಲಿ ಕಚ್ಚಿಕೊಂಡಿತ್ತೋ ಅಲ್ಲಿಂದ ಕಳಚಿ ಬಿತ್ತು. ಎದ್ದು ಕ್ಲಾರಾ ಅವರ ಮನೆಗೆ ಹೋದ. ಬೀಗ. ಗಂಡ ಹೆಂಡತಿ ಬನ್ನಿಮಂಟಪಕ್ಕೆ ಪಂಜಿನ ಕವಾಯತು ನೋಡಲು ಹೋಗಿದ್ದರು. ತಾನು ಬೇಡ ಎಂದ ಫೋನು ಈಗ ಅಲ್ಲಿ ಪಂಜುಗಳ ಚಿತ್ರ ಹಿಡಿಯುತ್ತಿರಬಹುದು ಎಂದುಕೊಂಡು ಬೀಗವನ್ನೇ ಎರಡು ಸಲ ಅಲ್ಲಾಡಿಸಿ ನೋಡಿದ. ಕಾಯಿಲ್ ಹೋಗಿರಲಿಲ್ಲ.

ಉಳಿದದ್ದು ಒಂದೇ ಮನೆ, ಶಾಲು ಹೊದಿಸಿದವರದು.

ವೃಷಭೇಂದ್ರಪ್ಪನವರು ಬನ್ನಿ ಸೊಪ್ಪು ಕೊಟ್ಟು, ಕೂರಿಸಿ, ನೀರು ತರಿಸಿ, ಗಣೇಶನ ಹಬ್ಬದ ಆ ಭಾಷಣ ಇನ್ನೂ ಕಿವಿಯಲ್ಲಿದೆ ಸ್ವಾಮಿ ಎಂದು ಶುರು ಮಾಡಿದರು. ಮುಂದಿನ ವರ್ಷ ಅದೇ ವಿಷಯದ ಮೇಲೆ ಪಕ್ಕದ ಬಡಾವಣೆಯಲ್ಲೂ ಏರ್ಪಾಟು ಮಾಡೋಣ ಎಂದರು. ಗೋಡೆಯ ಗಡಿಯಾರ ಎಂಟರ ಕಡೆಗೆ ನಡೆಯುತ್ತಿತ್ತು. ಸುಂದರೇಶ ಹೂಂ ಎಂದ, ಇನ್ನೊಂದು ಸಲ ಹೂಂ ಎಂದ, ಮೂರನೆಯ ಹೂಂ ಹೊರಡಲಿಲ್ಲ.

"ಸಾರ್, ನಿಮ್ಮ ಫೋನು ಕೊಡಿ. ನನ್ನ ಹೆಂಡ್ತಿ ಮುಖ ನೋಡ್ಬೇಕು."

ವೃಷಭೇಂದ್ರಪ್ಪನವರು ಅವನ ಹೆಗಲ ಮೇಲಿನ ಸೀರೆಯನ್ನು ನೋಡಿದರು. ಜೇಬಿನಿಂದ ಫೋನು ತೆಗೆದು, ಬನ್ನಿ ಹೋಗೋಣ ಎಂದು ತಾವೇ ಎದ್ದರು. ನಡುರಸ್ತೆಯಲ್ಲಿ ನಿಂತು, ಇದರಲ್ಲಿ ಮುಖ ಬರಿಸುವುದು ಹೇಗೆಂದು ತಮಗೂ ಗೊತ್ತಿಲ್ಲ, ಬೆಳಗಿನ ಹೊತ್ತು ಬರುವ ಹೂವಿನ ಚಿತ್ರಗಳನ್ನು ಮುಂದಕ್ಕೆ ಕಳಿಸುವುದಷ್ಟೇ ಅಭ್ಯಾಸ ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. ಇದನ್ನು ಬಡಾವಣೆಯಲ್ಲಿ ಹೇಳಬೇಡಿ ಎಂದೂ ಸೇರಿಸಿದರು.

ಮನೆಯೊಳಗೆ ನಾಗಲಾಂಬಮ್ಮನವರು ಗೊಂಬೆಗಳಿಗೆ ಆರತಿ ಎತ್ತಿ ಮುಗಿಸಿದ್ದರು. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದರೆ ದಸರೆ ಮುಗಿದ ಹಾಗೆ. ಮರದ ರಾಜ, ಮರದ ರಾಣಿ. ಚಂದ್ರಮತಿಯ ತವರಿನವರು ಮದುವೆಯಲ್ಲಿ ಕೊಟ್ಟಿದ್ದು. ವೃಷಭೇಂದ್ರಪ್ಪನವರು ಕೂರಲು ಜಾಗ ಹುಡುಕಿ, ಸಿಗದೆ, ಬಟ್ಟೆಯ ಗುಡ್ಡದ ಮೇಲೆ ಕೂತರು. ಅಮ್ಮ ಬೆನ್ನು ತಿರುಗಿಸಿದ ಹಾಗೇ ಕೇಳಿದರು:

"ಸುಂದ್ರು, ಗೊಂಬೆ ಮಲಗಿಸ್ತಿದೀನಿ. ನಿನ್ನ ಕಡ್ಲೆಬೀಜ ಎಲ್ಲಿಡ್ಲೋ?"

ಅವರ ಅಂಗೈಯಲ್ಲಿ, ಅರಿಶಿನ ಕುಂಕುಮ ಮೆತ್ತಿಕೊಂಡು, ಆ ಕರಿಯ ವಸ್ತುವಿತ್ತು.

ಸುಂದರೇಶ ಅದನ್ನೇ ನೋಡಿದ. ಮೇಜು ಒರೆಸುವಾಗ ತೆಗೆದೆ ಎಂದರು ಅಮ್ಮ. ಅದೂ ಒಂದು ಆಯುಧವೇ ಅಲ್ಲವೇ, ಮಣೆಯ ಮೇಲಿಟ್ಟರೆ ಹೂವಿನಲ್ಲಿ ಕಳೆದೀತು ಎಂದು ರಾಜ ರಾಣಿಯ ನಡುವೆ ಇಟ್ಟಿದ್ದೆ. ಕೂರಿಸಿದ ಗೊಂಬೆಯನ್ನು ಮಲಗಿಸುವ ತನಕ ಕದಲಿಸುವ ಹಾಗಿಲ್ಲವಲ್ಲ. "ಇಬ್ಬರನ್ನೂ ಸೇರಿಸೋದು ಇದೇ ಅಂತ ನೀನೇ ಹೇಳಿದ್ಯಲ್ಲೋ. ಅವರಿಬ್ರ ಮಧ್ಯೆ ಅಲ್ದೆ ಇನ್ನೆಲ್ಲಿಡ್ಲಿ?"

ವೃಷಭೇಂದ್ರಪ್ಪನವರು ಇದೇನು ಎಂದು ವಿಚಾರಿಸಿದರು. ಸುಂದರೇಶ ಬಾಯಿ ತೆರೆದ. ಕಾಯಿಲ್ ಎನ್ನಬಹುದಿತ್ತು. "ಗೊತ್ತಿಲ್ಲ ಸಾರ್" ಎಂದ, "ಡಾಂಗಲ್ ಇರ್ಬೇಕು." ಅವನ ಜನ್ಮದಲ್ಲಿ ಆ ಮಾತು ಹೇಳಿದ್ದು ಅದೇ ಮೊದಲು. ಮನೆಯೇನೂ ಬೀಳಲಿಲ್ಲ.

ಡಬ್ಬಿಯ ಹಿಂದೆ ಬಗ್ಗಿ ಸಿಕ್ಕಿಸಿ, ಆರಿಸಿ ಹೊತ್ತಿಸಿದ. ಟಿಣ್ ಎಂದಿತು. ಪಾಸ್‌ವರ್ಡ್ ಒತ್ತಿದ, ಒಂದೊಂದು ಅಕ್ಷರಕ್ಕೂ ಬೆರಳ ತುದಿ ಕೆಂಪಾಯಿತು. ಒಳಗೆ ಹೋಗುವುದೇ ತಡ, ಆಗಲೇ ಕರೆ ಬರುತ್ತಿತ್ತು. ಒತ್ತಿದ. ಚಂದ್ರಮತಿ ಬಂದಳು. ಕುಂಕುಮದ ಕಲೆ ಅವಳ ಕಿವಿಯ ಹತ್ತಿರ ಇತ್ತು.

ಸುಂದರೇಶ ಕುರ್ಚಿಯಲ್ಲಿ ನೆಟ್ಟಗೆ ಕೂತು, ಅಭ್ಯಾಸ ಮಾಡಿದ ಮುಖವನ್ನು ಹಾಕಿಕೊಂಡ. ಅವಳ ಕಣ್ಣು ಎಲ್ಲೆಲ್ಲೋ ಓಡಾಡುತ್ತಿತ್ತು. ಆಮೇಲೆ, "ನಮಸ್ಕಾರ ಸಾರ್" ಎಂದಳು. ಗುಡ್ಡದ ಮೇಲಿಂದ ವೃಷಭೇಂದ್ರಪ್ಪನವರು, "ನಮಸ್ಕಾರ ಕಣಮ್ಮ, ಹಬ್ಬ ಆಯ್ತಾ?" ಎಂದು ಎದ್ದು ನಿಂತರು. ಅವರ ಹಿಂದಿನಿಂದ ಒಂದು ಬನಿಯನ್ ಜಾರಿ ಬಿತ್ತು.

ಆಗ ಸುಂದರೇಶನಿಗೆ ತಿಳಿಯಿತು. ಯೇಸುದಾಸ್ ತಿರುಗಿಸಿಟ್ಟ ಕ್ಯಾಮೆರಾ ಇನ್ನೂ ಅಡುಗೆಮನೆಯ ಕಡೆಗೇ ಇತ್ತು. ನೆನೆಹಾಕಿದ ಪಾತ್ರೆ, ಪೇಪರಿನ ಕಂತೆ, ಬಟ್ಟೆ, ಎರಡು ವರ್ಷ ಪರದೆಯಾಚೆ ಬಚ್ಚಿಟ್ಟದ್ದೆಲ್ಲ ಕಲಬುರಗಿಗೆ ಹೋಗಿ ಕೂತಿತ್ತು. ಅವನು ಎದ್ದು ಅಡ್ಡ ನಿಂತ. ಪಂಚೆ ಕಂಡಿತು. ಹೆಗಲ ಮೇಲಿನ ಸೀರೆಯೂ ಕಂಡಿತು.

"ಆ ಸೀರೆ ಹರಿದಿತ್ತಲ್ಲ" ಎಂದಳು ಚಂದ್ರಮತಿ.

"ಹೊಲಿದೆ."

"ತೋರಿಸಿ." ಅವನು ಕ್ಯಾಮೆರಾದ ಹತ್ತಿರ ಹಿಡಿದ. ಗೋಣಿಚೀಲಕ್ಕೆ ಹಾಕುವಂಥ ಹೊಲಿಗೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ತಿರುಗಿಸಿದಳು. ದಿನಾ ಕಾಣುತ್ತಿದ್ದ ಹೂವಿನ ಪರದೆಬಟ್ಟೆ ಒಂದು ಹೊದಿಕೆ. ಎರಡು ಮೊಳೆಗೆ ಸಿಕ್ಕಿಸಿತ್ತು. ಅದರಾಚೆ ಬಾಗಿಲು ತೆರೆದ ಖಾಲಿ ಬೀರು. ನೆಲದ ಮೇಲೆ ಬಾಯಿ ತೆರೆದ ಸೂಟ್‌ಕೇಸು, ಅದರೊಳಗೇ ಬಟ್ಟೆ. ಬಂದ ದಿನದಿಂದ ಅವಳು ಬೀರುವಿಗೆ ಒಂದು ಸೀರೆಯನ್ನೂ ಜೋಡಿಸಿರಲಿಲ್ಲ.

ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡು, "ಈಗ ಹೇಳಿ" ಎಂದಳು.

"ನಿನ್ನಿ..." ಎಂದು ಶುರು ಮಾಡಿದ ಸುಂದರೇಶ. ಎರಡು ವರ್ಷದಿಂದ ನಾಲಿಗೆಗೆ ಅದೇ ದಾರಿ. ಅರ್ಧಕ್ಕೆ ನಿಂತ. "ನೀನಿಲ್ದೆ ಆಗ್ತಾ ಇಲ್ಲ ಕಣೇ. ಆದ್ರೆ ನೀನು ಬಡ್ತಿ ಬಿಟ್ಟು ಬಂದ್ರೆ ಅದೂ ನಂಗಾಗಲ್ಲ. ಏನು ಮಾಡ್ಬೇಕೋ ಗೊತ್ತಿಲ್ಲ."

ವೃಷಭೇಂದ್ರಪ್ಪನವರು ತಲೆ ಎತ್ತಿ ಫ್ಯಾನಿನ ರೆಕ್ಕೆಗಳನ್ನು ಪರಿಶೀಲಿಸತೊಡಗಿದರು. ಚಂದ್ರಮತಿ ಅಲುಗಲಿಲ್ಲ. ಚಿತ್ರ ನಿಂತುಬಿಟ್ಟಿತೇ, ಮತ್ತೆ ಅಪ್‌ಡೇಟೇ ಎಂದು ಸುಂದರೇಶ ಗಾಬರಿಯಿಂದ ಮೌಸು ಎಳೆದಾಡಿದ. ಬಾಣ ಓಡಾಡಿತು. ಅವಳ ರೆಪ್ಪೆಯೂ ಅಲುಗಿತು. ಚಿತ್ರ ಸರಿಯಾಗೇ ಇತ್ತು. ಅವಳು ಸುಮ್ಮನೆ ನೋಡುತ್ತಿದ್ದಳು, ಅಷ್ಟೇ.

"ನಂಗೆ ಆ ಕೆಲಸ ಬೇಕು" ಎಂದಳು ಕೊನೆಗೆ. "ನೀವೂ ಬೇಕು. ಮಾರ್ಚಿಲಿ ರಿಟೈರಾದ್ಮೇಲೆ ನೀವೇ ಇಲ್ಲಿಗೆ ಬನ್ನಿ ಅಂತ ಕೇಳ್ಬೇಕು ಅಂತಿದ್ದೆ. ಆದ್ರೆ ಅತ್ತೆ ಮೈಸೂರು ಬಿಟ್ಟು ಹೇಗೆ ಬರ್ತಾರೆ. ಹುಟ್ಟಿದಾಗಿನಿಂದ ಒಂದು ದಸರಾನೂ ತಪ್ಪಿಸಿದವರಲ್ಲ."

ಸುಂದರೇಶನೂ ಇದೇ ಕಾರಣಕ್ಕೆ ಆ ಮಾತನ್ನು ಮನಸ್ಸಿನೊಳಗೂ ಆಡಿಕೊಂಡಿರಲಿಲ್ಲ. ಇಬ್ಬರೂ ಅಮ್ಮನ ಕಡೆ ನೋಡಿದರು. ಅಮ್ಮನನ್ನು ಈವರೆಗೆ ಯಾರೂ ಯಾವುದನ್ನೂ ಕೇಳಿರಲಿಲ್ಲ, ಕಡಲೆಬೀಜದ ವಿಷಯವನ್ನೂ.

ನಾಗಲಾಂಬಮ್ಮನವರು ರಾಣಿಯನ್ನು ಮೆತ್ತನೆ ಬಟ್ಟೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ರಾಜನನ್ನು ಮಲಗಿಸಿದರು. "ಅಂಬಾರಿ ಬೀದೀಲಿ ನಿಂತು ನೋಡಿ ಎಷ್ಟು ಕಾಲ ಆಯ್ತು. ಟಿವಿಲಿ ತಾನೇ ನೋಡೋದು" ಎಂದರು. "ಕಲಬುರ್ಗೀಲಿ ಟಿವಿ ಇಲ್ವೇನಮ್ಮಾ?"

ಇದೆ ಅತ್ತೆ, ಎಂದಳು ಚಂದ್ರಮತಿ. ಅಮ್ಮ ಮಣೆ ಹಿಡಿದು ಎದ್ದು ಬಂದು, ಕುಂಕುಮದ ಬಟ್ಟಲಿಗೆ ಬೆರಳದ್ದಿದರು. ಶುಕ್ರವಾರವಲ್ಲ. ಆದರೂ ಚಂದ್ರಮತಿ ತಾನಾಗಿಯೇ ಸ್ವಲ್ಪ ಎಡಕ್ಕೆ ಸರಿದು, ಬಗ್ಗಿ, ಹಣೆ ಕೊಟ್ಟಳು.

ಪ್ರತಿ ವರ್ಷ ಮಾರನೆಯ ದಿನ ಗೊಂಬೆಯ ಪೆಟ್ಟಿಗೆಯನ್ನು ಅಟ್ಟಕ್ಕೇರಿಸುವುದು ಆ ಮನೆಯ ಪದ್ಧತಿ. ಈ ವರ್ಷ ಅಮ್ಮ ಅದನ್ನು ಮುಂಬಾಗಿಲ ಹತ್ತಿರ ಇರಿಸಿದರು. ಹಾಲಿನವನು ಎಡವಿದ, ಕ್ಲಾರಾ ಎಡವಿದರು, ಅರ್ತಿಂಗ್ ನೋಡಲು ಬಂದ ವೃಷಭೇಂದ್ರಪ್ಪನವರು ಎರಡು ಸಲ ಎಡವಿದರು. ಮಾರ್ಚಿಗೆ ಇನ್ನೂ ಎಷ್ಟು ದಿನ ಇದೆ, ಈಗಲೇ ಯಾಕೆ ಇಲ್ಲಿಟ್ಟಿದ್ದೀರಿ ಎಂದು ಎಲ್ಲರೂ ಕೇಳಿದರು. ಸುಂದರೇಶ ಕುರ್ಚಿಯ ಮೇಲೆ ಬಟ್ಟೆ ಒಟ್ಟಿದ್ದಾಗ, ಅಂದರೆ ಹೆಚ್ಚುಕಡಿಮೆ ದಿನಾ, ಆ ಪೆಟ್ಟಿಗೆಯನ್ನೇ ಮೇಜಿನ ಹತ್ತಿರ ಎಳೆದುಕೊಂಡು ಎಂಟು ಗಂಟೆಗೆ ಅದರ ಮೇಲೆ ಕೂರುತ್ತಿದ್ದ. ಊಟ ಮುಗಿದು, ಪರದೆ ಆರಿ, ಸೀರೆ ಹೊದಿಸಿದ ಮೇಲೆ ಮತ್ತೆ ಬಾಗಿಲ ಹತ್ತಿರಕ್ಕೆ ತಳ್ಳಿ ಇಡುತ್ತಿದ್ದ. ದಿನಕ್ಕೊಂದಿಷ್ಟು ಹೊಸಿಲಿನ ಕಡೆಗೇ ಹೆಚ್ಚು ತಳ್ಳುತ್ತಿದ್ದನೆಂದು ಕಾಣುತ್ತದೆ. ಡಿಸೆಂಬರಿನ ಹೊತ್ತಿಗೆ ಬಾಗಿಲು ಪೂರ್ತಿ ಮುಚ್ಚಲು ಬರುತ್ತಿರಲಿಲ್ಲ.